ಮೊದಲು ಕಾರು ನೆಟ್ಟಗೆ ಓಡಲಿ: ಸ್ಮಾರ್ಟ್ ಕಾರ್ ಸ್ಪರ್ಧೆಗೆ ಹೊರಟವರಿಗೆ ಲ್ಯಾಬಿನಿಂದ ನಾಲ್ಕು ಮಾತು

ದಸರಾ ರಜೆ ಮುಗಿದ ವಾರ ಪ್ರತಿ ವರ್ಷವೂ ನಮ್ಮ ಲ್ಯಾಬಿನ ಬಾಗಿಲಲ್ಲಿ ಮೂವರು ಮಕ್ಕಳು ಬಂದು ನಿಲ್ಲುತ್ತಾರೆ. ಒಬ್ಬರ ಕೈಯಲ್ಲಿ ಲ್ಯಾಪ್‌ಟಾಪ್ ತೆರೆದೇ ಇರುತ್ತದೆ. "ಮೇಡಂ, ನ್ಯಾಷನಲ್ ಲೆವೆಲ್ ಸ್ಮಾರ್ಟ್ ಕಾರ್ ಕಾಂಪಿಟಿಷನ್‌ಗೆ ಹೆಸರು ಕೊಟ್ಟಿದೀವಿ. ಕೋಡ್ ಆಗ್ಲೇ ಬರ್ದಾಯ್ತು." ಕಾರು ಎಲ್ರಪ್ಪಾ ಅಂದರೆ, "ಆರ್ಡರ್ ಮಾಡಿದೀವಿ ಮೇಡಂ, ಮುಂದಿನ ವಾರ ಬರುತ್ತೆ" ಅನ್ನುತ್ತಾರೆ.

ನಾನು ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಹದಿನಾಲ್ಕು ವರ್ಷವಾಯಿತು. ಇಂಥ ಕಾರು ಕಟ್ಟುವ ಆರು ತಂಡಗಳ ಜೊತೆ ಸಂಜೆ ಏಳು ಎಂಟರವರೆಗೆ ಕೂತಿದ್ದೇನೆ. ನನ್ನ ಅಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಇದ್ದವರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅವರ ಭೂತಗನ್ನಡಿ, ಎರಡು ಚಿಮಟ, ಸಣ್ಣ ಸ್ಕ್ರೂಡ್ರೈವರ್‌ಗಳ ಡಬ್ಬಿ ಈಗ ನನ್ನ ಲ್ಯಾಬಿನ ಡ್ರಾಯರಿನಲ್ಲಿವೆ. ಓಡದ ಗಡಿಯಾರ ಕೈಗೆ ಬಂದರೆ ಅಪ್ಪ ಮೊದಲು ಅದರ ಹಿಂದಿನ ಮುಚ್ಚಳ ತೆಗೆದು ಹತ್ತು ನಿಮಿಷ ಸುಮ್ಮನೆ ನೋಡುತ್ತಿದ್ದರು, ಏನನ್ನೂ ಮುಟ್ಟುತ್ತಿರಲಿಲ್ಲ. ಈ ಕಾರುಗಳ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಅಲ್ಲಿಂದ ಬಂದದ್ದು. ಹಾಗಾಗಿ ನಾನು ಹೇಳುವ ಕ್ರಮ ಬೇರೆ ಇರುತ್ತದೆ. ಮೊದಲು ಯಂತ್ರ, ಆಮೇಲೆ ಕರೆಂಟು, ಆಮೇಲೆ ಕಣ್ಣು, ಕೋಡ್ ಕೊನೆಗೆ.

ಈ ಸ್ಪರ್ಧೆ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಮೊಳದುದ್ದದ ಆಟಿಕೆ ಕಾರಿನಂಥ ಗಾಡಿ. ರಿಮೋಟ್ ಇಲ್ಲ. ಬಿಳಿ ಟ್ರ್ಯಾಕಿನ ಅಂಚಿನ ಕಪ್ಪು ಗೆರೆಯನ್ನೋ ಟ್ರ್ಯಾಕಿನಡಿ ಹಾಸಿದ ತಂತಿಯನ್ನೋ ತಾನೇ ಗುರುತಿಸಿಕೊಂಡು, ತಿರುವುಗಳಲ್ಲಿ ತಾನೇ ಸ್ಟೇರಿಂಗ್ ತಿರುಗಿಸಿಕೊಂಡು ಸುತ್ತು ಮುಗಿಸಬೇಕು. ಕಡಿಮೆ ಸಮಯದಲ್ಲಿ ಮುಗಿಸಿದವರು ಗೆದ್ದರು. ದಕ್ಷಿಣ ಕೊರಿಯಾದ ಹಾನ್‌ಯಾಂಗ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಈ ಮಾದರಿಯನ್ನು ಚೀನಾದವರು 2006ರಲ್ಲಿ ಬೀಜಿಂಗಿನ ಚಿಂಗ್‌ಹ್ವಾ ವಿಶ್ವವಿದ್ಯಾಲಯದಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯಾಗಿ ನಡೆಸಿದರು. ಫ್ರೀಸ್ಕೇಲ್ ಚಿಪ್ ಕಂಪನಿಯ ಬೆಂಬಲ ಅದಕ್ಕಿತ್ತು. 2010ರಲ್ಲಿ ಅಲ್ಲಿ ತಂತಿಯ ಕಾಂತಕ್ಷೇತ್ರ ಹಿಡಿದು ಓಡುವ ವಿಭಾಗವನ್ನೂ ಸೇರಿಸಿದರು. ತಂತಿಯಲ್ಲಿ 20 ಕಿಲೋಹರ್ಟ್ಸ್, 100 ಮಿಲಿಆಂಪಿಯರ್ ಎಸಿ ಕರೆಂಟು. ಕಲಿಯುವುದಕ್ಕೆ ಅದು ಎಷ್ಟು ಒಳ್ಳೆಯದು ಅಂತ ಮುಂದೆ ಹೇಳುತ್ತೇನೆ.

ನೀವು ಹೆಸರು ಕೊಟ್ಟ ಸ್ಪರ್ಧೆಯ ನಿಯಮ ಪುಸ್ತಕವನ್ನು ಫೋನಿನಲ್ಲಿ ಓದಬೇಡಿ. ಪ್ರಿಂಟ್ ತೆಗೆಸಿ, ಮೂವರೂ ಒಟ್ಟಿಗೆ ಕೂತು ಗಟ್ಟಿಯಾಗಿ ಓದಿ, ಅಂಕಿ ಬಂದ ಕಡೆಯಲ್ಲೆಲ್ಲ ಅಡಿಗೆರೆ ಎಳೆಯಿರಿ. ಟ್ರ್ಯಾಕಿನ ಅಗಲ, ಗೆರೆಯ ದಪ್ಪ, ತಿರುವಿನ ಕನಿಷ್ಠ ತ್ರಿಜ್ಯ, ಕಾರಿನ ಉದ್ದಗಲ ಎತ್ತರದ ಮಿತಿ, ಮೋಟಾರು ಬದಲಿಸಬಹುದೋ ಇಲ್ಲವೋ, ಗೆರೆ ದಾಟಿದರೆ ಎಷ್ಟು ಸೆಕೆಂಡು ದಂಡ. ಕ್ಯಾಮೆರಾ ಕಂಬ ಎತ್ತರದ ಮಿತಿಗಿಂತ ಒಂದು ಸೆಂಟಿಮೀಟರ್ ಹೆಚ್ಚಾಗಿ, ಸ್ಪರ್ಧೆಯ ಬೆಳಿಗ್ಗೆ ಹ್ಯಾಕ್ಸಾ ಬ್ಲೇಡಿನಲ್ಲಿ ಕಂಬ ಕೊಯ್ದ ತಂಡವೊಂದನ್ನು ಕಣ್ಣಾರೆ ನೋಡಿದ್ದೇನೆ. ಕಂಬ ಗಿಡ್ಡವಾದರೆ ಕ್ಯಾಮೆರಾಗೆ ಕಾಣುವುದೆಲ್ಲ ಬದಲಾಗುತ್ತದೆ. ಆ ಮಕ್ಕಳ ಮೂರು ತಿಂಗಳ ಕೆಲಸ ಹಾಗೆ ಹೋಯಿತು.

ಯಂತ್ರ

ಕಾರು ಬಂದ ದಿನ ಮೋಟಾರಿಗೆ ಕರೆಂಟು ಕೊಡಬೇಡಿ. ಲ್ಯಾಬಿನ ಹೊರಗಿನ ಕಾರಿಡಾರಿನಲ್ಲಿ ಟೈಲ್ಸ್ ಹಾಕಿರುತ್ತಾರೆ. ಎರಡು ಟೈಲ್ಸ್ ಸೇರುವ ನೇರ ಗೆರೆಯ ಮೇಲೆ ಕಾರನ್ನಿಟ್ಟು, ಸರ್ವೋ (ಮುಂಚಕ್ರ ತಿರುಗಿಸುವ ಸಣ್ಣ ಮೋಟಾರು) ಮಧ್ಯಕ್ಕಿಟ್ಟು, ಕೈಯಿಂದ ಮೆಲ್ಲಗೆ ತಳ್ಳಿ ಬಿಡಿ. ಮೂರು ಮೀಟರ್ ಹೋಗುವಷ್ಟರಲ್ಲಿ ಗೆರೆಯಿಂದ ಎಷ್ಟು ಪಕ್ಕಕ್ಕೆ ಸರಿಯಿತು ಅಂತ ಅಳೆಯಿರಿ. ಹತ್ತು ಸಲ ಮಾಡಿ. ಹತ್ತು ಸಲವೂ ಎಡಕ್ಕೇ ಹೋದರೆ ಅಲೈನ್‌ಮೆಂಟ್ ಸರಿಯಿಲ್ಲ. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೋದರೆ ಎಲ್ಲೋ ಲೂಸಿದೆ, ಇದೇ ಹೆಚ್ಚು ಕೆಟ್ಟದ್ದು. ಒಂದೇ ಕಡೆಗೆ ಎಳೆಯುವುದನ್ನು ಕೋಡಿನಲ್ಲಿ ಹೇಗೋ ಸರಿದೂಗಿಸಬಹುದು, ಲೂಸನ್ನು ಯಾವ ಕೋಡಿನಿಂದಲೂ ಸರಿದೂಗಿಸಲು ಆಗುವುದಿಲ್ಲ.

ಲೂಸು ಹುಡುಕಲು ಒಂದು ಮುಂಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಎಡಬಲ ಅಲ್ಲಾಡಿಸಿ, ಇನ್ನೊಂದು ಚಕ್ರ ಯಾವಾಗ ಅಲುಗಲು ಶುರುವಾಗುತ್ತದೆ ನೋಡಿ. ಚಕ್ರದ ಬೇರಿಂಗು, ಸ್ಟೇರಿಂಗ್ ಕಡ್ಡಿಯ ತುದಿಯ ಗುಂಡು, ಸರ್ವೋ ತೋಳಿನ ಸ್ಕ್ರೂ, ಸರ್ವೋ ಒಳಗಿನ ಹಲ್ಲುಗಳು, ಈ ನಾಲ್ಕು ಕಡೆ ಒಂದೊಂದು ಕೂದಲೆಳೆಯಷ್ಟು ಲೂಸಿದ್ದರೆ ಚಕ್ರದಲ್ಲಿ ಅದು ನಾಲ್ಕೈದು ಡಿಗ್ರಿ ಆಗುತ್ತದೆ. ಹಾವಿನ ಹಾಗೆ ಹೊಳ್ಳಾಡುವ ಕಾರುಗಳಲ್ಲಿ ಹೆಚ್ಚಿನವಕ್ಕೆ ಕಾಯಿಲೆ ಇಲ್ಲಿದೆ. ಮಕ್ಕಳು ಮಾತ್ರ ಕೋಡಿನಲ್ಲಿ ಸ್ಟೇರಿಂಗ್ ಎಷ್ಟು ತಿರುಗಬೇಕು ಅಂತ ತೀರ್ಮಾನಿಸುವ ಪಿಐಡಿ ಅಂಕಿ ಬದಲಿಸುತ್ತಾ ಕೂತಿರುತ್ತಾರೆ.

ಸರ್ವೋ ತೋಳನ್ನು ಕೂರಿಸುವ ವಿಧಾನ ಹೀಗೆ. ತೋಳು ಬಿಚ್ಚಿಟ್ಟು, ಸರ್ವೋಗೆ 20 ಮಿಲಿಸೆಕೆಂಡಿಗೊಮ್ಮೆ 1.5 ಮಿಲಿಸೆಕೆಂಡ್ ಪಲ್ಸ್ ಕೊಡಿ. ಅದು ತನ್ನ ಮಧ್ಯಕ್ಕೆ ಬಂದು ನಿಲ್ಲುತ್ತದೆ. ಈಗ ಚಕ್ರಗಳನ್ನು ಕೈಯಲ್ಲಿ ನೇರ ಹಿಡಿದು ತೋಳು ಕೂರಿಸಿ ಸ್ಕ್ರೂ ಬಿಗಿ ಮಾಡಿ. ಹಲ್ಲಿನ ಅರ್ಧದಷ್ಟು ವ್ಯತ್ಯಾಸ ಉಳಿದೇ ಉಳಿಯುತ್ತದೆ, ಅದನ್ನು ಸ್ಟೇರಿಂಗ್ ಕಡ್ಡಿಯ ಉದ್ದ ತಿರುಗಿಸಿ ಸರಿಮಾಡಿ, ಪಲ್ಸ್ ಬದಲಿಸಿ ಅಲ್ಲ. ಆಮೇಲೆ ಪಲ್ಸನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಚಕ್ರ ಎಲ್ಲಿ ತಡೆದು ನಿಲ್ಲುತ್ತದೆ ನೋಡಿ. ಸರ್ವೋ ಗುಂಯ್ ಅನ್ನಲು ಶುರುಮಾಡಿದರೆ ಮಿತಿ ದಾಟಿದ್ದೀರಿ. ಅದಕ್ಕಿಂತ ತುಸು ಹಿಂದೆ ಬಂದು ಆ ಅಂಕಿಯನ್ನು ಎರಡೂ ಕಡೆಗೆ ಬರೆದಿಟ್ಟುಕೊಳ್ಳಿ. ಕೋಡು ಯಾವತ್ತೂ ಅದನ್ನು ದಾಟಬಾರದು. ದಾಟಿದರೆ ಸರ್ವೋ ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ.

ಹಿಂದಿನ ಮೋಟಾರಿನ ಪುಟ್ಟ ಹಲ್ಲುಗಾಲಿಗೂ ದೊಡ್ಡ ಹಲ್ಲುಗಾಲಿಗೂ ನಡುವೆ ನೋಟ್‌ಬುಕ್ಕಿನ ಹಾಳೆಯ ಒಂದು ಚೂರು ಸಿಕ್ಕಿಸಿ, ಒತ್ತಿ ಹಿಡಿದು ಮೋಟಾರಿನ ಸ್ಕ್ರೂ ಬಿಗಿ ಮಾಡಿ. ಹಾಳೆಯನ್ನು ಆಚೆಗೆ ಉರುಳಿಸಿ ತೆಗೆದರೆ ಹಲ್ಲಿನ ಗುರುತು ಹಪ್ಪಳದ ಮಡಿಕೆಯಂತೆ ಬಿದ್ದಿರಬೇಕು, ಹರಿದಿರಬಾರದು. ಹರಿದರೆ ತೀರಾ ಬಿಗಿಯಾಗಿದೆ ಎಂದು ಅರ್ಥ. ಅಪ್ಪ ಒಮ್ಮೆ ಲ್ಯಾಬಿಗೆ ಬಂದಾಗ ಮಕ್ಕಳ ಕಾರನ್ನು ಕಿವಿ ಹತ್ತಿರ ಹಿಡಿದು ಚಕ್ರ ತಿರುಗಿಸಿ, "ಒಂದು ಹಲ್ಲು ತಿಂದಿದೆ ನೋಡಮ್ಮ" ಅಂದರು. ಭೂತಗನ್ನಡಿ ಹಾಕಿ ನೋಡಿದರೆ ನಿಜವಾಗಿಯೂ ಒಂದು ಹಲ್ಲಿನ ತುದಿ ಸವೆದಿತ್ತು. ಅಂದಿನಿಂದ ನಮ್ಮಲ್ಲಿ ಪ್ರತಿ ಸಂಜೆ ಓಡಿಸುವ ಮೊದಲು ಕಾರನ್ನು ಕಿವಿಯಿಂದ ಕೇಳುವ ರೂಢಿ ಇದೆ.

ಬ್ಯಾಟರಿ ಆದಷ್ಟು ಕೆಳಗೆ, ನೆಲಕ್ಕೆ ಹತ್ತಿರ ಇರಲಿ. ಸ್ಕ್ರೂಗಳನ್ನು ಬಿಗಿ ಮಾಡಿದ ಮೇಲೆ ತಲೆಯಿಂದ ಪ್ಲೇಟಿನವರೆಗೆ ಉಗುರುಬಣ್ಣದ ಒಂದು ಗೀರು ಹಾಕಿ. ಗೀರು ಮುರಿದು ಕಂಡರೆ ಸ್ಕ್ರೂ ತಿರುಗಿದೆ. ನಮ್ಮ ಎರಡನೇ ತಂಡಕ್ಕೆ ಇದು ಗೊತ್ತಿರಲಿಲ್ಲ. ಬ್ಯಾಗಿನಲ್ಲಿ ತುರುಕಿಕೊಂಡು ರೈಲಿನಲ್ಲಿ ಹೋದಾಗ ಕ್ಯಾಮೆರಾ ಕಂಬ ಸ್ವಲ್ಪವೇ ತಿರುಗಿತ್ತು. ಕಣ್ಣಿಗೆ ಕಾಣದಷ್ಟು. ಅಲ್ಲಿ ಎಲ್ಲ ಬಲ ತಿರುವುಗಳಲ್ಲೂ ಕಾರು ಚೆನ್ನಾಗಿ ಹೋಗಿ, ಎಲ್ಲ ಎಡ ತಿರುವುಗಳಲ್ಲೂ ಆಚೆ ಬಿತ್ತು. ಕಾರಣ ತಿಳಿದದ್ದು ತುಮಕೂರಿಗೆ ವಾಪಸ್ ಬಂದ ಮೇಲೆ.

ಟೈರಿನ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ, ಇದನ್ನು ನಾನು ಬೋರ್ಡಿನ ಮೇಲೆ ಬರೆದೇ ತೋರಿಸುವುದು. ಅರ್ಧ ಮೀಟರ್ ತ್ರಿಜ್ಯದ ತಿರುವಿನಲ್ಲಿ ಜಾರದೆ ಹೋಗಬಹುದಾದ ಗರಿಷ್ಠ ವೇಗ ಎಂದರೆ ಘರ್ಷಣೆಯ ಗುಣಾಂಕ, ಗುರುತ್ವ, ತ್ರಿಜ್ಯ ಈ ಮೂರರ ಗುಣಲಬ್ಧದ ವರ್ಗಮೂಲ. ಗುಣಾಂಕ 0.8 ಇದ್ದರೆ ಸೆಕೆಂಡಿಗೆ ಸುಮಾರು 2 ಮೀಟರ್. ಟೈರಿಗೆ ಧೂಳು ಮೆತ್ತಿ ಅದು 0.5ಕ್ಕೆ ಇಳಿದರೆ 1.57 ಮೀಟರ್ ಅಷ್ಟೇ. ಬಿ.ಎಚ್. ರಸ್ತೆಯ ಧೂಳು ಕಿಟಕಿಯಿಂದ ಬಂದು ನಮ್ಮ ಟ್ರ್ಯಾಕಿನ ಮೇಲೆ ದಿನಾ ಒಂದು ಪದರ ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಟ್ರ್ಯಾಕ್ ಒರೆಸಿ, ಟೈರು ಒರೆಸಿ, ಒಣಗಿದ ಮೇಲೆ ಓಡಿಸಿ. ಇಷ್ಟು ವೇಗ ಯಾವ ಅಲ್ಗಾರಿದಮ್ಮೂ ಪುಕ್ಕಟೆಯಾಗಿ ಕೊಡುವುದಿಲ್ಲ.

ಕರೆಂಟು

ಮೂರನೇ ತಂಡದ ಕಾರು ಒಂದು ನಿರ್ದಿಷ್ಟ ಬಲ ತಿರುವಿನಲ್ಲಿ ಮಾತ್ರ ಗಕ್ಕನೆ ನಿಲ್ಲುತ್ತಿತ್ತು. ಅರ್ಧ ಸೆಕೆಂಡ್ ನಿಂತು ಮತ್ತೆ ಹೊರಡುತ್ತಿತ್ತು. ಮಕ್ಕಳು ನಾಲ್ಕು ದಿನ ಕೋಡಿನಲ್ಲಿ ತಪ್ಪು ಹುಡುಕಿದರು. ಐದನೇ ದಿನ ನಾನು ಒಂದೇ ಕೆಲಸ ಮಾಡಿಸಿದೆ: ಕಂಟ್ರೋಲರ್ (ಕೋಡ್ ಓಡಿಸುವ ಚಿಪ್) ಆನ್ ಆದ ಕೂಡಲೇ ಒಂದು ಎಲ್‌ಇಡಿ ಮೂರು ಸಲ ಮಿಣುಕುವ ಹಾಗೆ ಎರಡು ಸಾಲು ಕೋಡ್ ಸೇರಿಸಿ ಅಂದೆ. ಆ ತಿರುವಿಗೆ ಬಂದಾಗ ಎಲ್‌ಇಡಿ ಮೂರು ಸಲ ಮಿಣುಕಿತು. ಕಾರು ನಿಲ್ಲುತ್ತಿರಲಿಲ್ಲ, ಕಂಟ್ರೋಲರ್ ಸತ್ತು ಹುಟ್ಟುತ್ತಿತ್ತು. ಕಡಿದಾದ ತಿರುವಿನಲ್ಲಿ ಸರ್ವೋ ಪೂರ್ತಿ ಎಳೆದಾಗ 5 ವೋಲ್ಟ್ ಕುಸಿದು, ಅದೇ ಲೈನಿನಿಂದ ಬದುಕುತ್ತಿದ್ದ ಕಂಟ್ರೋಲರ್ ರೀಸೆಟ್ ಆಗುತ್ತಿತ್ತು. ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಸಿ.ಆರ್.ಓ. ಪ್ರೋಬ್ ಹಿಡಿದರೆ ಆ ಕುಸಿತ ಕಣ್ಣೆದುರೇ ಕಂಡಿತು.

ಹಾಗಾಗಿ ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಸರ್ವೋಗೆ ಒಂದು, ಕಂಟ್ರೋಲರಿಗೂ ಸೆನ್ಸಾರಿಗೂ ಬೇರೆ ರೆಗ್ಯುಲೇಟರ್ ಇರಲಿ. ಗ್ರೌಂಡ್ ಮಾತ್ರ ಒಂದೇ, ಬ್ಯಾಟರಿಯ ಹತ್ತಿರ ಒಂದೇ ಕಡೆ ಸೇರಲಿ. ಸರ್ವೋ ಪಿನ್ನಿನ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಅಥವಾ ಅದಕ್ಕಿಂತ ದೊಡ್ಡ ಕೆಪಾಸಿಟರ್ ಹಾಕಿ. ಮೋಟಾರಿನ ಎರಡು ಕಾಲಿಗೆ ಅಡ್ಡಲಾಗಿ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರನ್ನು ಮೋಟಾರಿನ ಮೇಲೇ ಬೆಸುಗೆ ಹಾಕಿ. ಮೋಟಾರಿಗೆ ಕರೆಂಟು ಹರಿಸುವ ಡ್ರೈವರಿಗೆ ಎಲ್ಲ ಕಿಟ್ಟಿನಲ್ಲೂ ಬರುವ ಎಲ್298 ಚಿಪ್ ಬೇಡ, ಅದೊಂದೇ ಸುಮಾರು 2 ವೋಲ್ಟ್ ನುಂಗುತ್ತದೆ. ಇರುವುದೇ 7.4 ವೋಲ್ಟ್. ಅದರ ಬದಲು ಹಾಕುವ ಬಿಟಿಎಸ್7960 ಮಾಡ್ಯೂಲ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಬೆಳಗಿನ ರೈಲಿಗೆ ಹೋದರೆ ಮಧ್ಯಾಹ್ನದ ಲ್ಯಾಬಿಗೆ ವಾಪಸ್ ಬರಬಹುದು. ಹೋದಾಗ ಎರಡು ತನ್ನಿ.

ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಬಗ್ಗೆ ನಾನು ಕಟ್ಟುನಿಟ್ಟು. ಎರಡು ಸೆಲ್ಲಿನದು ತುಂಬಿದಾಗ 8.4 ವೋಲ್ಟ್. ಒಂದೊಂದು ಸೆಲ್ 3.3ಕ್ಕೆ ಇಳಿಯುವ ಮೊದಲೇ ಓಡಿಸುವುದು ನಿಲ್ಲಿಸಿ. ಚಾರ್ಜಿಗೆ ಹಾಕಿ ಟೀ ಕುಡಿಯಲು ಹೋಗುವಂತಿಲ್ಲ, ಒಬ್ಬರು ಪಕ್ಕದಲ್ಲೇ ಇರಬೇಕು, ಹತ್ತಿರದಲ್ಲಿ ಒಣ ಮರಳಿನ ಬಕೆಟ್ ಇರಬೇಕು. ಉಬ್ಬಿದ ಬ್ಯಾಟರಿಯನ್ನು ಇನ್ನೊಂದು ಸಲ ಅಂತ ಬಳಸಬೇಡಿ. ನಿಮ್ಮ ಮನೆಯವರು ನಿಮ್ಮನ್ನು ನಮ್ಮ ಭರವಸೆಯ ಮೇಲೆ ಇಲ್ಲಿ ಬಿಟ್ಟಿದ್ದಾರೆ.

ಟ್ರ್ಯಾಕು

ಟ್ರ್ಯಾಕಿಲ್ಲದೆ ಕಾರು ಕಟ್ಟುವವರು ಬಹಳ. ಟ್ರ್ಯಾಕು ಮೊದಲು ಮಾಡಿ. ಎಂ.ಜಿ. ರಸ್ತೆಯ ಕಡೆ ಫ್ಲೆಕ್ಸ್ ಹಾಕುವ ಅಂಗಡಿಗೆ ಹೋಗಿ ಖಾಲಿ ಬಿಳಿ ಫ್ಲೆಕ್ಸ್ ಚದರಡಿ ಲೆಕ್ಕದಲ್ಲಿ ತನ್ನಿ. ಹೊಳಪಿನದು ಬೇಡ, ಮ್ಯಾಟ್ ಕೇಳಿ. ಹೊಳಪಿನ ಫ್ಲೆಕ್ಸಿನಲ್ಲಿ ಟ್ಯೂಬ್‌ಲೈಟ್ ಪ್ರತಿಬಿಂಬಿಸಿ ಕಪ್ಪು ಗೆರೆಯೂ ಕ್ಯಾಮೆರಾಗೆ ಬಿಳಿಯಾಗಿ ಕಾಣುತ್ತದೆ. ಸುರುಳಿ ಬಿಚ್ಚಿ ಒಂದು ಮಧ್ಯಾಹ್ನ ತಾರಸಿಯ ಬಿಸಿಲಿನಲ್ಲಿ ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟರೆ ಚಪ್ಪಟೆಯಾಗುತ್ತದೆ. ತಿರುವು ಎಳೆಯಲು ರಂಗೋಲಿಯವರ ಉಪಾಯವೇ ಸಾಕು: ಮಧ್ಯದಲ್ಲಿ ಒಬ್ಬರು ದಾರ ಹಿಡಿಯಿರಿ, ಇನ್ನೊಬ್ಬರು ಪೆನ್ಸಿಲ್ ಕಟ್ಟಿ ಸುತ್ತಿ. ಒಳ ಅಂಚಿಗೊಂದು ಉದ್ದ, ಹೊರ ಅಂಚಿಗೊಂದು ಉದ್ದ. ಕರೆಂಟಿನವರ ಕಪ್ಪು ಟೇಪು ಬಾಗುತ್ತದೆ, ಆದರೆ ಎಳೆದು ಅಂಟಿಸಿದರೆ ಮಾರನೆಯ ದಿನ ಕುಗ್ಗಿ ಏಳುತ್ತದೆ. ಎಳೆಯದೆ ಅಂಟಿಸಿ. ನಿಯಮದಲ್ಲಿ ಗೆರೆ 25 ಮಿಲಿಮೀಟರ್ ಅಂತಿದ್ದರೆ ಒಂದು ಪಟ್ಟಿ ಸಾಲದು, ಎರಡನ್ನು ಸ್ವಲ್ಪ ಒಂದರ ಮೇಲೊಂದು ಬರುವಂತೆ ಹಾಕಬೇಕು.

ನಿಮಗೆ ಸುಲಭವಾದ ಟ್ರ್ಯಾಕು ಮಾಡಿಕೊಳ್ಳಬೇಡಿ. ಎಡ ಬಲ ಎಡ ಅಂತ ತಕ್ಷಣ ತಕ್ಷಣ ಬರುವ ತಿರುವು, ಉದ್ದ ನೇರದ ಕೊನೆಗೆ ಕಡಿದಾದ ತಿರುವು, ಒಂದು ಅಡ್ಡ ದಾರಿ, ಇವು ಮೂರೂ ಇರಲಿ. ಜಾಗ ಚಿಕ್ಕದಾದರೆ ತುಂಡು ತುಂಡಾಗಿ ಮಾಡಿ, ದಿನಕ್ಕೊಂದು ರೀತಿ ಜೋಡಿಸಿ. ಒಂದೇ ಆಕಾರದಲ್ಲಿ ತಿಂಗಳು ಓಡಿಸಿದರೆ ನೀವು ತಿದ್ದಿದ ಅಂಕಿಗಳೆಲ್ಲ ಆ ಆಕಾರಕ್ಕೇ ಕೂತುಬಿಡುತ್ತವೆ.

ಕಣ್ಣು

ಕ್ಯಾಮೆರಾ ಹಾಕುವ ಮೊದಲು ತಂತಿಯ ವಿಧಾನವನ್ನು ಒಂದು ವಾರ ಮಾಡಿ ನೋಡಿ ಅಂತ ಎಲ್ಲ ತಂಡಕ್ಕೂ ಹೇಳುತ್ತೇನೆ, ನಿಮ್ಮ ಸ್ಪರ್ಧೆ ಕ್ಯಾಮೆರಾದ್ದೇ ಆದರೂ ಸರಿ. ಅದರಲ್ಲಿ ಬೆಳಕಿನ ಕಾಟವಿಲ್ಲ, ಲೆಕ್ಕ ಕಣ್ಣಿಗೆ ಕಾಣುತ್ತದೆ, ಸ್ಟೇರಿಂಗ್ ಹೇಗೆ ವರ್ತಿಸುತ್ತದೆ ಅಂತ ತಿಳಿಯುತ್ತದೆ.

ಟ್ರ್ಯಾಕಿನ ನಡುವೆ ಎನಾಮಲ್ ತಂತಿಯನ್ನು ಸುತ್ತು ಪೂರ್ತಿ ಹಾಸಿ. ಲ್ಯಾಬಿನ ಫಂಕ್ಷನ್ ಜನರೇಟರಿನಲ್ಲಿ 20 ಕಿಲೋಹರ್ಟ್ಸ್ ಸೈನ್ ಅಲೆ, ಸಾಲದಿದ್ದರೆ ಮುಂದೆ ಒಂದು ಪವರ್ ಆಂಪ್ಲಿಫೈಯರ್. ತಂತಿಯ ಸಾಲಿನಲ್ಲಿ 10 ಓಮ್ ರೆಸಿಸ್ಟರ್ ಸೇರಿಸಿ, ಅದರ ಮೇಲೆ 1 ವೋಲ್ಟ್ ಬಂದರೆ 100 ಮಿಲಿಆಂಪಿಯರ್ ಹರಿಯುತ್ತಿದೆ. ಕಾರಿನ ಮುಂದೆ ಒಂದು ಅಡ್ಡಪಟ್ಟಿ, ಅದರ ಎರಡು ತುದಿಗೆ 10 ಮಿಲಿಹೆನ್ರಿ ಇಂಡಕ್ಟರ್ (ತಂತಿಯ ಸುರುಳಿ) ಒಂದೊಂದು, ತಂತಿಗೆ ಅಡ್ಡವಾಗಿ ಮಲಗಿಸಿ. ಪ್ರತಿಯೊಂದಕ್ಕೂ 6.8 ನ್ಯಾನೋಫ್ಯಾರಡ್ ಕೆಪಾಸಿಟರ್ ಜೊತೆ ಮಾಡಿ. ಲೆಕ್ಕ ಹಾಕಿದರೆ ಅನುರಣನ 19.3 ಕಿಲೋಹರ್ಟ್ಸ್ ಬರುತ್ತದೆ, 20ಕ್ಕೆ ಸಾಕಷ್ಟು ಹತ್ತಿರ. ಇದನ್ನು ಹೇಳಿಕೊಡುವಾಗ ನಾನು ಕ್ವಾರ್ಟ್ಜ್ ಗಡಿಯಾರದ ಹರಳನ್ನು ತೋರಿಸುತ್ತೇನೆ. ಅದು ಸೆಕೆಂಡಿಗೆ 32,768 ಸಲ ನಡುಗುತ್ತದೆ, ಬೇರೆ ಯಾವ ನಡುಕಕ್ಕೂ ಸರಿಯಾಗಿ ಓಗೊಡುವುದಿಲ್ಲ. ಈ ಸುರುಳಿ ಕೆಪಾಸಿಟರ್ ಜೋಡಿಯೂ ಹಾಗೆಯೇ 20 ಕಿಲೋಹರ್ಟ್ಸಿನ ಸುತ್ತ ಮಾತ್ರ ಗಟ್ಟಿಯಾಗಿ ದನಿಗೊಡುತ್ತದೆ. ಮೋಟಾರಿನ ಗದ್ದಲದ ನಡುವೆ ತಂತಿಯ ದನಿಯನ್ನು ಅದು ಆರಿಸಿಕೊಳ್ಳುವುದು ಹಾಗೆ.

ಅಂಗಡಿಯ ಕೆಪಾಸಿಟರುಗಳು ಮೈಮೇಲೆ ಬರೆದ ಅಳತೆಗಿಂತ ಆಚೀಚೆ ಇರುತ್ತವೆ. ಇಪ್ಪತ್ತು ತಂದು ಒಂದೊಂದನ್ನೂ ಸಿ.ಆರ್.ಓ. ಮುಂದೆ ಅಳೆದು, ಒಂದೇ ರೀತಿ ಓಗೊಡುವ ಎರಡನ್ನು ಜೋಡಿ ಮಾಡಿ. ಬೇಸರದ ಕೆಲಸ, ಎರಡು ಗಂಟೆ ಹಿಡಿಯುತ್ತದೆ, ಬಿಡಬೇಡಿ. ಎಡ ಬಲದ ಸಂಕೇತವನ್ನು ಹಿಗ್ಗಿಸಿ ಡಿಸಿ ಮಾಡಿ ಕಂಟ್ರೋಲರಿಗೆ ಕೊಟ್ಟ ಮೇಲೆ, ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ. ಬರೀ ವ್ಯತ್ಯಾಸ ತೆಗೆದುಕೊಂಡರೆ ಕರೆಂಟು ಸ್ವಲ್ಪ ಏರಿಳಿದರೂ ಕಾರಿನ ಸ್ವಭಾವ ಬದಲಾಗುತ್ತದೆ. ಭಾಗಿಸಿದರೆ ಆ ಏರಿಳಿತ ಕಳೆದುಹೋಗುತ್ತದೆ.

ಇನ್ನು ಕ್ಯಾಮೆರಾ. ಬಣ್ಣ ಬೇಡ, 188 × 120 ಚುಕ್ಕಿಯ ಕಪ್ಪುಬಿಳುಪು ಚಿತ್ರ ಸಾಕು. ಆದರೆ ಗ್ಲೋಬಲ್ ಶಟರ್ ಇರುವುದನ್ನೇ ತೆಗೆದುಕೊಳ್ಳಿ. ಸಾಮಾನ್ಯ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಹಿಡಿಯುತ್ತದೆ, ಅಷ್ಟರಲ್ಲಿ ಕಾರು ತಿರುಗಿರುತ್ತದೆ, ನೇರ ಗೆರೆ ಸೊಟ್ಟಗೆ ಕಾಣುತ್ತದೆ. ಆಟೋ ಎಕ್ಸ್‌ಪೋಷರ್ ಆಫ್ ಮಾಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಹಳೆ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಎಕ್ಸ್‌ಪೋಷರ್ 10 ಮಿಲಿಸೆಕೆಂಡ್ ಇಟ್ಟರೆ ಚಿತ್ರದ ಬೆಳಕು ಏರಿಳಿಯುವುದಿಲ್ಲ, ಆದರೆ ಸೆಕೆಂಡಿಗೆ 2 ಮೀಟರ್ ಹೋಗುವ ಕಾರು ಅಷ್ಟರಲ್ಲಿ 2 ಸೆಂಟಿಮೀಟರ್ ಮುಂದೆ ಹೋಗಿ ಚಿತ್ರ ಮಸುಕಾಗುತ್ತದೆ. ಕಡಿಮೆ ಇಟ್ಟರೆ ಮಿಣುಕು ಕಾಣುತ್ತದೆ. ನಾವು ಕಡಿಮೆ ಇಟ್ಟು, ಕಪ್ಪು ಬಿಳಿಯ ಗಡಿಯನ್ನು ಪ್ರತಿ ಚಿತ್ರಕ್ಕೂ ಹೊಸದಾಗಿ ಲೆಕ್ಕ ಹಾಕುವ ದಾರಿ ಹಿಡಿದೆವು. ಓಟ್ಸು ವಿಧಾನ ಅಂತ ಇದೆ, ಅದು ಚೆನ್ನಾಗಿದೆ. ನಮ್ಮ ಲ್ಯಾಬಿಗೆ ನಾಲ್ಕು ಗಂಟೆಗೆ ಪಡುವಣ ಕಿಟಕಿಯಿಂದ ಬಿಸಿಲು ಬೀಳುತ್ತದೆ. ಪರದೆ ಎಳೆಯಲು ಮಕ್ಕಳು ಓಡುತ್ತಾರೆ, ನಾನು ಬಿಡುವುದಿಲ್ಲ. ಸ್ಪರ್ಧೆಯ ಸಭಾಂಗಣದಲ್ಲಿ ಎಂಥ ದೀಪ ಇರುತ್ತದೋ ಯಾರಿಗೆ ಗೊತ್ತು, ಆ ಬಿಸಿಲಿನಲ್ಲೂ ಓಡಬೇಕು.

ಚಿತ್ರದ ಪ್ರತಿ ಸಾಲಿನಲ್ಲೂ ನಡುವಿನಿಂದ ಎಡಕ್ಕೆ ಹೋಗಿ ಕಪ್ಪು ಎಲ್ಲಿ, ಬಲಕ್ಕೆ ಹೋಗಿ ಕಪ್ಪು ಎಲ್ಲಿ ಅಂತ ಹುಡುಕಿ, ಎರಡರ ಮಧ್ಯ ತೆಗೆಯಿರಿ. ತಿರುವಿನಲ್ಲಿ ಒಂದು ಅಂಚು ಚಿತ್ರದಿಂದ ಆಚೆ ಹೋಗುತ್ತದೆ. ಅದಕ್ಕೆ ಮೊದಲೇ ಕಾರನ್ನು ನೇರ ಟ್ರ್ಯಾಕಿನಲ್ಲಿಟ್ಟು ಪ್ರತಿ ಸಾಲಿನಲ್ಲಿ ಟ್ರ್ಯಾಕು ಎಷ್ಟು ಚುಕ್ಕಿ ಅಗಲ ಕಾಣುತ್ತದೆ ಅಂತ ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. ಒಂದೇ ಅಂಚು ಸಿಕ್ಕಿದರೆ ಆ ಸಾಲಿನ ಅರ್ಧ ಅಗಲ ಕೂಡಿಸಿ ಅಥವಾ ಕಳೆದು ಮಧ್ಯ ಊಹಿಸಬಹುದು. ಕಂಬ ತಿರುಗಿದರೆ ಈ ಪಟ್ಟಿ ಪೂರ್ತಿ ಸುಳ್ಳಾಗುತ್ತದೆ, ಉಗುರುಬಣ್ಣದ ಗೀರು ಅದಕ್ಕೇ. ಅಡ್ಡ ದಾರಿಯಲ್ಲಿ ಎರಡೂ ಅಂಚು ಮಾಯವಾಗುತ್ತವೆ. ಆಗ ಹಿಂದಿನ ದಿಕ್ಕನ್ನೇ ಹಿಡಿದು ನೇರ ದಾಟಲಿ.

ಕೋಡ್

ಕೋಡಿನ ಬಗ್ಗೆ ಕಡಿಮೆ ಹೇಳುತ್ತೇನೆ, ಮಕ್ಕಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಲೆಕ್ಕದ ಸುತ್ತು ಟೈಮರ್ ಇಂಟರಪ್ಟಿನಲ್ಲಿ ಸರಿಯಾಗಿ ಇಷ್ಟೇ ಮಿಲಿಸೆಕೆಂಡಿಗೊಮ್ಮೆ ನಡೆಯಬೇಕು, ಆಗೊಮ್ಮೆ ಈಗೊಮ್ಮೆ ಅಲ್ಲ. ಸ್ಟೇರಿಂಗಿಗೆ ಪಿಐಡಿಯಲ್ಲಿ ಪಿ (ಮಧ್ಯದಿಂದ ಎಷ್ಟು ಸರಿದಿದೆಯೋ ಅದಕ್ಕೆ ತಕ್ಕಂತೆ ತಿರುಗಿಸುವುದು) ಮತ್ತು ಡಿ (ಎಷ್ಟು ಬೇಗ ಸರಿಯುತ್ತಿದೆ ಅಂತ ನೋಡಿ ತಡೆಯುವುದು) ಸಾಕು. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಶುರು ಮಾಡಿ, ಡಿ ಸೊನ್ನೆ ಇಟ್ಟು, ನೇರ ದಾರಿಯಲ್ಲಿ ಕಾರು ಹೊಳ್ಳಾಡುವವರೆಗೆ ಪಿ ಏರಿಸಿ, ತುಸು ಇಳಿಸಿ, ಆಮೇಲೆ ಡಿ ಸೇರಿಸಿ ಹೊಳ್ಳಾಟ ಅಡಗಿಸಿ. ವೇಗ ಹೆಚ್ಚಿಸಿದ ಪ್ರತಿ ಸಲವೂ ಇದನ್ನು ಮತ್ತೆ ಮಾಡಬೇಕು.

ಮೋಟಾರಿಗೆ ಎನ್‌ಕೋಡರ್ ಹಾಕದೆ ಹೋಗಬೇಡಿ, ಎಷ್ಟು ತಿರುಗಿತು ಅಂತ ಪಲ್ಸ್ ಕೊಟ್ಟು ಹೇಳುವುದು ಅದೇ. ಬ್ಯಾಟರಿ 8.4ರಿಂದ 7.4ಕ್ಕೆ ಇಳಿದರೆ ಅದೇ ಪಿಡಬ್ಲ್ಯುಎಂಗೆ (ಕರೆಂಟನ್ನು ಬೇಗ ಬೇಗ ಆನ್ ಆಫ್ ಮಾಡಿ ವೇಗ ಹಿಡಿಯುವ ವಿಧಾನ) ಮೋಟಾರಿಗೆ ಸಿಗುವುದು ನೂರಕ್ಕೆ ಹನ್ನೆರಡರಷ್ಟು ಕಡಿಮೆ. ಬೆಳಿಗ್ಗೆ ಸರಿಯಿದ್ದ ಕಾರು ಸಂಜೆ ಬೇರೆ ಕಾರಾಗುತ್ತದೆ. ಎನ್‌ಕೋಡರಿನ ಲೆಕ್ಕ ಕೂಡಿಸಲು ಕಾರಿಡಾರಿನಲ್ಲಿ ಟೇಪು ಹಿಡಿದು ಸರಿಯಾಗಿ 5 ಮೀಟರ್ ತಳ್ಳಿ, ಎಷ್ಟು ಪಲ್ಸ್ ಬಂತು ಅಂತ ಎಣಿಸಿ ಭಾಗಿಸಿ.

ಗೆರೆ ಕಾಣದೆ ಹೋದರೆ ಮೋಟಾರು ತಾನೇ ನಿಲ್ಲುವ ಸಾಲು ಮೊದಲ ದಿನವೇ ಬರೆಯಿರಿ. ನಮ್ಮ ಮೊದಲ ತಂಡ ಬರೆದಿರಲಿಲ್ಲ. ಕಾರು ನೇರ ಕಬ್ಬಿಣದ ಬೀರುವಿಗೆ ಹೋಗಿ ಬಡಿಯಿತು, ಮುಂದಿನ ಆಕ್ಸಲ್ ಮುರಿಯಿತು, ಹೊಸದು ಬರಲು ಹನ್ನೊಂದು ದಿನ ಕಾದೆವು.

ನೋಟ್‌ಬುಕ್ ಒಂದು ಬೇಕೇ ಬೇಕು, ನೂರು ಪುಟದ್ದು, ಕೈಯಲ್ಲಿ ಬರೆಯುವುದು. ಒಂದು ಓಟಕ್ಕೆ ಒಂದು ಸಾಲು: ತಾರೀಖು, ಬ್ಯಾಟರಿ ವೋಲ್ಟೇಜ್, ಟೈರು ಒರೆಸಿತ್ತೋ ಇಲ್ಲವೋ, ಪಿ, ಡಿ, ವೇಗ, ಸುತ್ತಿನ ಸಮಯ, ಎಲ್ಲಿ ಬಿಟ್ಟಿತು. ಒಂದು ಓಟಕ್ಕೂ ಮುಂದಿನ ಓಟಕ್ಕೂ ನಡುವೆ ಒಂದನ್ನೇ ಬದಲಿಸಿ. ಎರಡು ಬದಲಿಸಿ ಚೆನ್ನಾಗಿ ಓಡಿದರೂ ಯಾವುದರಿಂದ ಅಂತ ತಿಳಿಯುವುದಿಲ್ಲ. ಚೆನ್ನಾಗಿ ಓಡಿದ ಕೋಡಿನ ನಕಲನ್ನು ತಾರೀಖಿನ ಹೆಸರಿಟ್ಟು ಬೇರೆ ಪೆನ್‌ಡ್ರೈವಿನಲ್ಲಿಡಿ.

ಹೊರಡುವಾಗ

ಹೊರಡುವ ಮೂರು ದಿನ ಮೊದಲು ಕೋಡಿಗೆ ಕೈ ಹಾಕುವುದು ನಿಲ್ಲಿಸಿ. ನಾಲ್ಕನೇ ತಂಡದ ಹುಡುಗಿ ಒಬ್ಬಳು ತುಂಬಾ ಜಾಣೆ. ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಕೂತು ಒಂದು ತಿರುವನ್ನು ಸುಧಾರಿಸಲು ಹೋಗಿ ಉಳಿದ ಏಳು ತಿರುವು ಕಳೆದುಕೊಂಡಳು. ಹಳೆಯ ನಕಲು ಲ್ಯಾಬಿನ ಕಂಪ್ಯೂಟರಿನಲ್ಲಿತ್ತು. ಅವಳು ಅತ್ತದ್ದು ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ.

ಎರಡು ರೀತಿಯ ಓಟ ಸಿದ್ಧಮಾಡಿಟ್ಟುಕೊಂಡು ಹೋಗಿ: ಹತ್ತಕ್ಕೆ ಹತ್ತು ಸಲ ಮುಗಿಸುವ ನಿಧಾನದ್ದು, ಹತ್ತಕ್ಕೆ ಆರು ಸಲ ಮುಗಿಸುವ ವೇಗದ್ದು. ಕಾರಿನ ಮೇಲೆ ಒಂದು ಸಣ್ಣ ಸ್ವಿಚ್ಚಿನಿಂದ ಆರಿಸುವಂತಿರಲಿ, ಅಲ್ಲಿ ಲ್ಯಾಪ್‌ಟಾಪ್ ತೆರೆಯುವ ಸಮಯ ಸಿಗುವುದಿಲ್ಲ. ಮೊದಲ ಅವಕಾಶದಲ್ಲಿ ನಿಧಾನದ್ದನ್ನು ಓಡಿಸಿ ಒಂದು ಸಮಯ ಬರೆಸಿ, ಆಮೇಲೆ ಧೈರ್ಯ ಮಾಡಿ. ನಮ್ಮ ಐದನೇ ತಂಡ ಹೀಗೆ ಮಾಡಿ, ನಮಗಿಂತ ಬಹಳ ವೇಗದ ಕಾರುಗಳು ಗೆರೆ ದಾಟಿ ಹೊರಬಿದ್ದ ದಿನ ಕೊನೆಯ ಸುತ್ತಿಗೆ ಹೋಯಿತು.

ಕಾರನ್ನು ಬ್ಯಾಗಿನಲ್ಲಿ ತುರುಕಬೇಡಿ. ಥರ್ಮಾಕೋಲಿನಲ್ಲಿ ಕಾರಿನ ಆಕಾರಕ್ಕೆ ಕೊರೆದ ಪೆಟ್ಟಿಗೆ ಮಾಡಿ, ಕಂಬ ಎಲ್ಲಿಯೂ ತಾಗಬಾರದು. ಇನ್ನೊಂದು ಡಬ್ಬಿಯಲ್ಲಿ ಬದಲಿ ಸರ್ವೋ, ಬದಲಿ ಡ್ರೈವರ್, ಎರಡು ಬ್ಯಾಟರಿ, ಬೆಸುಗೆಯ ಕಡ್ಡಿ, ಸ್ಕ್ರೂಗಳು, ಒರೆಸುವ ಬಟ್ಟೆ, ಉಗುರುಬಣ್ಣ. ಬೆಳಗಿನ ರೈಲಾದರೆ ಕ್ಯಾತಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ಮಕ್ಕಳು ಊಟ ಮರೆಯುತ್ತಾರೆ, ಹಸಿದ ಕೈ ಸ್ಕ್ರೂ ಬೀಳಿಸುತ್ತದೆ.

ವಾಪಸ್ ಬಂದ ಮಾರನೆಯ ದಿನ, ಗೆದ್ದಿರಲಿ ಸೋತಿರಲಿ, ಮೂವರೂ ಒಂದು ಗಂಟೆ ಲ್ಯಾಬಿಗೆ ಬನ್ನಿ. ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟಿಗೆ ತಂದು ಎತ್ತಿಡಬೇಕು, ಪೂರ್ತಿ ತುಂಬಿಸಿಟ್ಟರೆ ಬೇಸಿಗೆಯಲ್ಲಿ ಉಬ್ಬುತ್ತದೆ. ಸರ್ವೋ ಮಧ್ಯದ ಪಲ್ಸ್, ಎರಡು ಕೊನೆಯ ಪಲ್ಸ್, 5 ಮೀಟರಿನ ಎಣಿಕೆ, ಕಂಬದ ಎತ್ತರ, ಇವನ್ನು ಒಂದು ಚೀಟಿಯಲ್ಲಿ ಬರೆದು ಕಾರಿನ ತಳಕ್ಕೆ ಅಂಟಿಸಿ. ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು ಹೋಗಿ. ಆರು ನೋಟ್‌ಬುಕ್ ಅಪ್ಪನ ಡಬ್ಬಿಯ ಪಕ್ಕದಲ್ಲಿವೆ, ಮುಂದಿನ ದಸರಾ ಆದ ಮೇಲೆ ಬಾಗಿಲಿಗೆ ಬರುವ ಮೂವರಿಗೆ ಮೊದಲು ಅವನ್ನೇ ಓದಲು ಕೊಡುತ್ತೇನೆ.